ಹಾಡಿನ ಹೆಸರಿನ ಕೆಳಗಿನ ಎರಡು ಸಾಲು

ಡಿಸೆಂಬರ್ ಕೊನೆಯ ವಾರ ಜಪಾನಿನ ಕವಾಸಾಕಿಯಲ್ಲಿ ನಮ್ಮ ಆಫೀಸಿನ ವರ್ಷಾಂತ್ಯದ ಊಟ ಇತ್ತು. ಊಟ ಮುಗಿಸಿ ಎಂದಿನಂತೆ ಏಳೆಂಟು ಜನ ಕ್ಯಾರಿಯೋಕೆ ಕೋಣೆಗೆ ಹೋದೆವು. ನಿವೃತ್ತಿಗೆ ಎರಡು ವರ್ಷ ಉಳಿದಿರುವ ನಮ್ಮ ವಿಭಾಗದ ಹಿರಿಯರೊಬ್ಬರು ಮೈಕ್ ತೆಗೆದುಕೊಂಡು 'ಇತೋಶಿ ನೋ ಎಲೀ', ಅಂದರೆ 'ನಲ್ಮೆಯ ಎಲೀ', ಹಾಡಿದರು. ದಿನವಿಡೀ ಒಂದು ಮಾತೂ ಹೆಚ್ಚಿಗೆ ಆಡದ ಮನುಷ್ಯ, ಆ ಹೆಸರು ಕರೆಯುವ ಜಾಗಕ್ಕೆ ಬಂದಾಗ ಕಣ್ಣು ಮುಚ್ಚಿಕೊಂಡರು. ಮೊದಲ ಸಲ ಈ ಹಾಡು ಕೇಳಿದಾಗ ನನ್ನ ಕನ್ನಡದ ಕಿವಿಗೆ ಅದು 'ಎಲ್ಲಿ, ಎಲ್ಲಿ' ಎಂದೇ ಬಿದ್ದಿತ್ತು. ಯಾರನ್ನೋ ಹುಡುಕುತ್ತಿದ್ದಾನೆ ಅಂದುಕೊಂಡಿದ್ದೆ. ಈಗಲೂ ನನಗೆ ಅದು ಹಾಗೇ ಕೇಳುತ್ತದೆ.

ಆಮೇಲೆ ನನ್ನ ಸರದಿ. ಕನ್ನಡದ್ದೇ ಹಾಡು ಎಂದರು. ಮಷಿನ್‌ನಲ್ಲಿ ಕನ್ನಡ ಇಲ್ಲದ್ದರಿಂದ ಹಾಗೇ ಬಾಯಲ್ಲಿ ಒಂದು ಹಳೇ ಹಾಡು ಹಾಡಿದೆ. ಚಪ್ಪಾಳೆ ನಿಂತ ಮೇಲೆ ಆ ಹಿರಿಯರು ಕೇಳಿದರು: "ಬಹಳ ಚೆನ್ನಾಗಿದೆ. ಯಾರದು ಇದು?"

"ರಾಜ್‌ಕುಮಾರ್ ಅವರದು."

"ಅವರೇ ಬರೆದದ್ದೋ?"

"ಅಲ್ಲ. ಅವರು ನಟರು."

"ಹಾಗಾದರೆ ಹಾಡಿದ್ದು ಅವರೋ?"

ಅದೂ ಅಲ್ಲ. ಆ ಹಾಡನ್ನು ಹಾಡಿದವರು ಪಿ.ಬಿ. ಶ್ರೀನಿವಾಸ್. ಅಷ್ಟು ಹೇಳಿದೆ. ಬರೆದವರು, ರಾಗ ಹಾಕಿದವರು ಯಾರೆಂದರೆ ನನ್ನಲ್ಲಿ ಉತ್ತರ ಇರಲಿಲ್ಲ. ನಾಲ್ಕು ವರ್ಷದವನಿದ್ದಾಗಿನಿಂದ ಬಾಯಲ್ಲಿರುವ ಹಾಡು ಅದು. ಅವರು ಸುಮ್ಮನೆ ತಲೆಯಾಡಿಸಿದರು. ರಾತ್ರಿ ರೈಲಿನಲ್ಲಿ ಮನೆಗೆ ಬರುವಾಗ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು.

ಇಲ್ಲಿನ ಕ್ಯಾರಿಯೋಕೆಯಲ್ಲಿ ಯಾವ ಹಾಡು ಹಾಕಿದರೂ ಶುರುವಿಗೆ ಪರದೆಯ ಮೇಲೆ ಹಾಡಿನ ಹೆಸರು, ಅದರ ಕೆಳಗೆ ಸಾಹಿತ್ಯ, ಸಂಗೀತ ಎಂದು ಎರಡು ಸಾಲು ಬರುತ್ತವೆ. 'ಎಲೀ' ಹಾಡಿಗೆ ಎರಡರ ಮುಂದೆಯೂ ಕುವಾತಾ ಕೇಸುಕೆ ಎಂದಿರುತ್ತದೆ. ಕುಡಿದ ಮತ್ತಿನಲ್ಲಿ ಇರುವವರೂ ಆ ಹೆಸರು ಓದಿಯೇ ಹಾಡಲು ಶುರು ಮಾಡುತ್ತಾರೆ.

ಕುವಾತಾ ಹಾಡುವ ಬ್ಯಾಂಡ್ ಸದರ್ನ್ ಆಲ್ ಸ್ಟಾರ್ಸ್. ಟೋಕಿಯೋದ ಆಓಯಾಮಾ ಗಾಕುಯಿನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. 1978ರಲ್ಲಿ ಬಂದ ಮೊದಲ ಹಾಡು ಮಾತು ಹಿಡಿಯಲಾರದಷ್ಟು ವೇಗದ್ದು. ಟೀವಿಯಲ್ಲಿ ಚಡ್ಡಿ ಹಾಕಿಕೊಂಡು ಕುಣಿದ ಅವರನ್ನು ನಗಿಸಲು ಬಂದ ಹುಡುಗರು ಎಂದೇ ಜನ ತಿಳಿದರಂತೆ. 1979ರ ಮಾರ್ಚ್‌ನಲ್ಲಿ ಮೂರನೇ ಸಿಂಗಲ್ ಆಗಿ ಈ ನಿಧಾನದ ಪ್ರೇಮಗೀತೆ ಬಂತು. ಅಲ್ಲಿಂದ ಮುಂದೆ ಅವರನ್ನು ಯಾರೂ ಹಾಗೆ ನೋಡಲಿಲ್ಲ. ಕೀಬೋರ್ಡ್ ನುಡಿಸುತ್ತಿದ್ದ ಹರಾ ಯೂಕೊ ಅವರನ್ನು ಕುವಾತಾ 1982ರಲ್ಲಿ ಮದುವೆಯಾದರು. ಬೇಸ್ ಯಾರು, ಡ್ರಮ್ಸ್ ಯಾರು ಎಂದು ನಮ್ಮ ಆಫೀಸಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

1983ರಲ್ಲಿ ಒಂದು ಟೀವಿ ಧಾರಾವಾಹಿ ಈ ಹಾಡನ್ನು ಬಳಸಿಕೊಂಡು ಮನೆಮನೆಗೂ ಮುಟ್ಟಿಸಿತು. 1989ರಲ್ಲಿ ಅಮೆರಿಕದ ಗಾಯಕ ರೇ ಚಾರ್ಲ್ಸ್ ಅಂಥವರೇ ಇದನ್ನು ಇಂಗ್ಲಿಷಿನಲ್ಲಿ ಹಾಡಿದರು, ಸಂಟೋರಿ ವಿಸ್ಕಿಯ ಜಾಹೀರಾತಿಗೂ ಬಂತು. ಆದರೂ ಇದನ್ನು ಆ ಧಾರಾವಾಹಿಯ ಹೀರೋನ ಹಾಡು ಎಂದಾಗಲಿ, ರೇ ಚಾರ್ಲ್ಸ್ ಹಾಡು ಎಂದಾಗಲಿ ಇಲ್ಲಿ ಯಾರ ಬಾಯಲ್ಲೂ ನಾನು ಕೇಳಿಲ್ಲ.

ಕುವಾತಾ ಹುಟ್ಟೂರು ಚಿಗಸಾಕಿ, ಸಮುದ್ರದ ದಂಡೆಯ ಊರು. ಹೋದ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ರೈಲು ಹೊರಡುವಾಗ ಸ್ಟೇಷನ್ನಿನಲ್ಲಿ ಮೊಳಗುವುದು ಈ ಬ್ಯಾಂಡಿನದೇ ಇನ್ನೊಂದು ಹಾಡಿನ ಧಾಟಿ, 2014ರಿಂದ. ದಂಡೆಯ ಹೆಸರೇ ಸದರ್ನ್ ಬೀಚ್. ಹಾಡು ಕಟ್ಟಿದವನ ಬ್ಯಾಂಡಿನ ಹೆಸರು ಹೊತ್ತ ಮರಳಿನ ಮೇಲೆ ನನ್ನ ಮಗಳು ಗುಬ್ಬಿಗೂಡು ಕಟ್ಟುತ್ತಿದ್ದಳು. ನಮ್ಮಲ್ಲಿ ರಸ್ತೆಗೆ, ವೃತ್ತಕ್ಕೆ ನಟರ ಹೆಸರು ಎಷ್ಟಿಲ್ಲ! ಅವರು ತೆರೆಯ ಮೇಲೆ ತುಟಿ ಆಡಿಸಿದ ಹಾಡುಗಳನ್ನು ಬರೆದವರ ಹೆಸರು ಎಷ್ಟು ಕಡೆ ಇದೆ?

ನುಡಿಸಿದವರ ಪಾಡಂತೂ ಇನ್ನೂ ಕಷ್ಟ. ಎಪ್ಪತ್ತರ ದಶಕದಲ್ಲಿ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ನಮ್ಮ ಸಿನಿಮಾ ಹಾಡುಗಳಿಗೆ ಗಿಟಾರ್ ನುಡಿಸಿದವರು ಇಳಯರಾಜ. ಅವರಷ್ಟು ದೊಡ್ಡವರಾದ್ದರಿಂದ ಈ ಮಾತು ನಮಗೆ ತಿಳಿಯಿತು. ಪಕ್ಕದಲ್ಲೇ ಕುಳಿತು ಪಿಟೀಲು, ಕೊಳಲು ನುಡಿಸಿದವರು? ಅವರು ಸತ್ತರೋ ಇದ್ದಾರೋ, ಯಾವ ಗ್ರಾಮಫೋನ್ ತಟ್ಟೆಯ ಮೇಲೂ ಅವರ ಹೆಸರು ಹಾಕುವ ರೂಢಿ ಇರಲಿಲ್ಲ. ನನಗೆ ಇದರ ಮೇಲೆ ಸಿಟ್ಟಿದೆ. ಹೀರೋ ಮೇಲಿನ ಅಭಿಮಾನ ಬೇಡವೆನ್ನುತ್ತಿಲ್ಲ, ನಾನೂ ಅಣ್ಣಾವ್ರ ಸಿನಿಮಾ ನೋಡಿ ಬೆಳೆದವನೇ. ಆದರೆ ಅನ್ನ ಬೇಯಿಸಿದವರ ಹೆಸರು ಮರೆತು ಬಡಿಸಿದವರನ್ನೇ ಹೊಗಳುತ್ತಾ ಕೂತರೆ ಹೇಗೆ?

ಇದನ್ನೆಲ್ಲ ಭಾನುವಾರ ಫೋನಿನಲ್ಲಿ ಶಿವಮೊಗ್ಗದಲ್ಲಿರುವ ಅಪ್ಪನ ಹತ್ತಿರ ಹೇಳಿಕೊಂಡೆ. ಅವರು ಪೂರ್ತಿ ಕೇಳಿಸಿಕೊಂಡು, "ಯಾವ ಹಾಡೋ ಅದು?" ಎಂದರು. ಒಂದು ಸಾಲು ಗುನುಗಿದೆ. ಮುಗಿಯುವ ಮೊದಲೇ ಅಪ್ಪ ಶುರು ಮಾಡಿದರು, ಒಂದೇ ಉಸಿರಿಗೆ, ಹಳೇ ವಿವಿಧಭಾರತಿ ಧ್ವನಿಯಲ್ಲಿ: "ಸಾಹಿತ್ಯ ಚಿ. ಉದಯಶಂಕರ್, ಸಂಗೀತ ಜಿ.ಕೆ. ವೆಂಕಟೇಶ್, ಹಾಡಿದವರು ಪಿ.ಬಿ. ಶ್ರೀನಿವಾಸ್."

ಹೌದಲ್ಲ. ರೇಡಿಯೋದವರು ಪ್ರತಿ ಹಾಡಿಗೂ ಹೇಳುತ್ತಿದ್ದರು. ಭಾವಗೀತೆ ಹಾಡುವವರು ಇವತ್ತಿಗೂ ಕವಿಯ ಹೆಸರು ಹೇಳದೆ ಶ್ರುತಿ ಹಿಡಿಯುವುದಿಲ್ಲ. ಅಪ್ಪ ಆ ಹೆಸರುಗಳನ್ನು ಹಾಡಿನ ಮೊದಲ ಚರಣದ ಹಾಗೆ ಬಾಯಿಪಾಠ ಇಟ್ಟುಕೊಂಡಿದ್ದಾರೆ. ನನ್ನ ಕಾಲಕ್ಕೆ ಮನೆಯಲ್ಲಿ ರೇಡಿಯೋ ಅಟ್ಟ ಸೇರಿತ್ತು.

"ಬರ್ಕೋ," ಎಂದರು ಅಪ್ಪ.

ಸೋಮವಾರ ಮಧ್ಯಾಹ್ನ ಊಟದ ಹೊತ್ತಿಗೆ ಆ ಹಿರಿಯರ ಮೇಜಿನ ಹತ್ತಿರ ಹೋಗಿ ಮೂರೂ ಹೆಸರು ಹೇಳಿದೆ. ಅವರು ಚಾಪ್‌ಸ್ಟಿಕ್ ಕೆಳಗಿಟ್ಟು, ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ತಮ್ಮ ಲಿಪಿಯಲ್ಲಿ ಬರೆದುಕೊಳ್ಳತೊಡಗಿದರು. ಉದಯಶಂಕರ್ ಸಲೀಸಾಗಿ ಬಂತು. ಶ್ರೀನಿವಾಸ್ ಹತ್ತಿರ ಪೆನ್ನು ನಿಂತಿತು. "ಇನ್ನೊಂದು ಸಲ ನಿಧಾನವಾಗಿ ಹೇಳಿ," ಎಂದರು.