ಗಂಜಿ ಕುಡಿದ ಟೊಪ್ಪಿ

ಅಟ್ಟ ಗುಡಿಸುವಾಗ ದೊಡ್ಡಪ್ಪನ ಟೊಪ್ಪಿ ಸಿಕ್ಕಿತು. ಮುಂಬಯಿಯಲ್ಲಿ ಕೆಲಸಕ್ಕಿದ್ದಾಗ ಎಲ್ಲಿಂದಲೋ ತಂದದ್ದಂತೆ. ಹುಲ್ಲಿನ ಟೊಪ್ಪಿ, ಚಪ್ಪಟೆ ನೆತ್ತಿ, ಸುತ್ತ ಕಪ್ಪು ಪಟ್ಟಿ. ಬೋಟರ್ ಅನ್ನುತ್ತಾರೆ ಇದಕ್ಕೆ. ಹುಲ್ಲನ್ನು ಜಡೆ ಹಾಗೆ ಹೆಣೆದು, ಆ ಜಡೆಯನ್ನು ನೆತ್ತಿಯ ನಡುವಿನಿಂದ ಚಕ್ಕುಲಿ ಸುತ್ತಿದ ಹಾಗೆ ಸುತ್ತುತ್ತಾ ಹೊಲಿದುಕೊಂಡು ಹೋಗಿದ್ದಾರೆ. ಚಂದ ಉಂಟು. ಆದರೆ ಅಂಚು ಮಾತ್ರ, ಪತ್ರೊಡೆಗೆಂದು ಕೊಯ್ದಿಟ್ಟು ಮರೆತ ಕೆಸುವಿನ ಎಲೆಯಂತೆ ಜೋತು ಬಿದ್ದಿತ್ತು.

ಪಾಪ, ಹುಲ್ಲಿನದ್ದೇನೂ ತಪ್ಪಿಲ್ಲ. ಇಂಥ ಟೊಪ್ಪಿ ಸೆಟೆದು ನಿಲ್ಲುವುದು ಅದಕ್ಕೆ ಹಚ್ಚಿದ ಜೆಲಟಿನ್ ಅಥವಾ ಅರಗಿನಿಂದ. ಉಡುಪಿಯ ಮಳೆಗಾಲದಲ್ಲಿ ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ಅಟ್ಟದ ಟೊಪ್ಪಿ ಗಟ್ಟಿ ಉಳಿಯುತ್ತದಾ? ಅದೂ ನಾವು ಮೊಳೆಗೆ ಅಂಚು ಸಿಕ್ಕಿಸಿ ನೇತುಹಾಕಿದ್ದೆವು. ನೆತ್ತಿ ಕೆಳಗೆ ಬರುವ ಹಾಗೆ ಮಗುಚಿ ಇಡಬೇಕಿತ್ತು.

ನನಗೋ ನೆತ್ತಿಯಲ್ಲಿ ಕೂದಲು ಕಮ್ಮಿ, ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವಕ್ಕೆ ರಥಬೀದಿಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಸರಿ ಮಾಡಿಯೇ ಬಿಡುವ ಅಂದುಕೊಂಡೆ.

ಸೀರೆಗೆ ಗಂಜಿ ಹಾಕುವುದಿಲ್ವಾ, ಟೊಪ್ಪಿಗೆ ಹಾಕಿದರೆ ಎಂತ? ಕುಚ್ಚಲಕ್ಕಿ ತೆಳಿಯಲ್ಲಿ ಅದ್ದಿ ಒಣಗಿಸಿದೆ. ಮರುದಿನ ತಟ್ಟಿದರೆ ಟಕ್ ಟಕ್ ಶಬ್ದ! ಬಣ್ಣ ಸ್ವಲ್ಪ ಕೆಂಪಗಾಗಿತ್ತು, ಇರಲಿ. ಹಾಕಿಕೊಂಡು ಪೇಟೆಗೆ ಹೋದೆ. ನಾಲ್ಕು ಹನಿ ಮಳೆ ಬಿದ್ದದ್ದೇ ತೆಳಿ ಕರಗಿ ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕನ್ನಡಕಕ್ಕೆ ಇಳಿಯಿತು. ತರಕಾರಿಯವಳು ಪಾಪ ಅಂತ ಒಂದು ಕಾಗದ ಕೊಟ್ಟಳು. ಮನೆಗೆ ಬಂದು ಮೂಲೆಯಲ್ಲಿಟ್ಟರೆ ಸಂಜೆಗೆ ಇರುವೆ, ಮೂರನೇ ದಿನಕ್ಕೆ ಬೂಷ್ಟು.

ಆ ಹೊತ್ತಿಗೆ ಅಷ್ಟಮಿ ಬಂತು. ಅಮ್ಮ ಮೂಡೆ (ಹಿಟ್ಟು ಹೊಯ್ದು ಇಡ್ಲಿಯಂತೆ ಬೇಯಿಸುವ ಓಲೆಯ ಕೊಟ್ಟೆ) ಕಟ್ಟಲು ಕೂತಿದ್ದರು. ಮುಂಡಕ ಅಂದರೆ ಕೇದಗೆ ಜಾತಿಯ ಗಿಡ; ಮುಳ್ಳು ತೆಗೆದ ಅದರ ಓಲೆಯನ್ನು ಬೆಂಕಿಗೆ ತೋರಿಸಿ, ಅದು ಬಾಡಿ ಬಗ್ಗುವಾಗ ಸುರುಳಿ ಸುತ್ತಿ ಕಡ್ಡಿ ಚುಚ್ಚುವುದು. ತಣಿದ ಮೇಲೆ ಅದು ಅಲ್ಲಾಡುವುದಿಲ್ಲ. ನನ್ನ ಟೊಪ್ಪಿ ನೋಡಿ, "ಓಲೆಯಾದರೂ ಹುಲ್ಲಾದರೂ ಅಷ್ಟೇ ಮಾರಾಯ, ಬಿಸಿಯಲ್ಲಿ ಬಗ್ಗಿಸು, ತಣಿಯುವವರೆಗೆ ಬಿಡಬೇಡ" ಅಂದರು. ಪನಾಮಾ ಟೊಪ್ಪಿ ನೇಯುವ ಗಿಡ ನಮ್ಮ ಮುಂಡಕನ ದೂರದ ನೆಂಟ, ಗೊತ್ತುಂಟಾ? ಹೆಸರು ಮಾತ್ರ ಪನಾಮಾ, ನೇಯುವುದು ಈಕ್ವಡಾರ್‌ನಲ್ಲಿ. ಆ ನೇಯ್ಗೆಯನ್ನು 2012ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಮೂಡೆ ಯಾವ ಪಟ್ಟಿಯಲ್ಲೂ ಇಲ್ಲ, ನಾವು ತಿಂದು ಮುಗಿಸುತ್ತೇವೆ.

ಅಮ್ಮ ಹೇಳಿದ ಹಾಗೆಯೇ ಮಾಡಿದೆ. ಒರೆಸಿ ಬೂಷ್ಟು ತೆಗೆದು, ಇಡ್ಲಿ ಪಾತ್ರೆಯ ಹಬೆ ಹಿಡಿಸಿ, ಮೆತ್ತಗಾದ ಟೊಪ್ಪಿಯನ್ನು ಒಂದು ಗಿಡ್ಡ ಸ್ಟೀಲ್ ಪಾತ್ರೆ ಕವುಚಿ ಅದರ ಮೇಲೆ ಎಳೆದು ಕೂರಿಸಿದೆ. ಅಂಚಿನ ಮೇಲೆ ಟವಲು, ಟವಲಿನ ಮೇಲೆ ಸುತ್ತ ಹಳೇ ಹಂಚಿನ ತುಂಡುಗಳು. ಬೆಳಿಗ್ಗೆ ನೋಡಿದರೆ ಅಂಚು ರೊಟ್ಟಿಯಷ್ಟು ಚಪ್ಪಟೆ! ಅಲ್ಲಿಗೆ ನಿಲ್ಲಿಸಬಹುದಿತ್ತು ಅಲ್ವಾ?

ನಿಲ್ಲಿಸಲಿಲ್ಲ. ನಮ್ಮ ಬಡಗಿ ಆಚಾರ್ರ ಹತ್ತಿರ ಮರಕ್ಕೆ ಹಚ್ಚುವ ಅರಗಿನ ಪಾಲಿಶ್ ತಂದೆ. "ಒಣ ಬಿಸಿಲು ನೋಡಿ ಹಚ್ಚಿ ಸರ್, ಥಂಡಿಯಲ್ಲಿ ಬಿಳಿ ಹಿಡೀತದೆ" ಅಂದಿದ್ದರು. ನಾನು ಹೊರಗೆ ಧೋ ಅಂತ ಸುರಿಯುವಾಗ ಹಚ್ಚಿದೆ. ಬಿಳಿ ಹಿಡಿಯಿತು. ಪಾತ್ರೆಗೂ ಟೊಪ್ಪಿಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಹಾಕಬೇಕು ಅಂತ ಹೊಳೆಯಲೇ ಇಲ್ಲ. ಎರಡೂ ಅಂಟಿಕೊಂಡು ಒಂದಾದವು.

ಆ ಪಾತ್ರೆ ಮೂಡೆಯ ಹಿಟ್ಟಿನದ್ದು ಅಂತ ಗೊತ್ತಾದದ್ದು ಆಮೇಲೆ. ಗ್ರೈಂಡರ್ ನಿಲ್ಲಿಸಿ ಅಮ್ಮ ಕೇಳಿದರು: "ಹಿಟ್ಟು ಎಂತದರಲ್ಲಿ ಹಾಕುವುದು, ನಿನ್ನ ಟೊಪ್ಪಿಯಲ್ಲಾ?"

ಆಚಾರ್ರಿಗೆ ಫೋನ್ ಮಾಡಿದೆ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ಬಟ್ಟೆಗೆ ಸ್ವಲ್ಪ ಹಾಕಿ ಉಜ್ಜಿ ಅಂದರು. ಉಜ್ಜಿದೆ. ಬಿಳಿ ಹೋಯಿತು, ಪಾತ್ರೆಯೂ ಬಿಟ್ಟಿತು. ಅಮ್ಮ ಅದನ್ನು ಹುಣಸೆ ಹುಳಿ ಹಾಕಿ ಮೂರು ಸಲ ತಿಕ್ಕಿದರು, ಹಾಗಿದ್ದೂ ಹಿಟ್ಟನ್ನು ಬೇರೆ ಪಾತ್ರೆಗೇ ಹಾಕಿದರು.

ಟೊಪ್ಪಿ ಈಗ ಹಲಗೆಯಷ್ಟು ಗಟ್ಟಿ. ಒಂದೇ ತೊಂದರೆ, ಪಾತ್ರೆಯ ಸುತ್ತಳತೆ 60 ಸೆಂಟಿಮೀಟರ್, ನನ್ನ ತಲೆಯದ್ದು 56. ಹಾಕಿಕೊಂಡರೆ ಕಣ್ಣು ಮುಚ್ಚುತ್ತದೆ. ಒಳಪಟ್ಟಿಗೆ ಪೇಪರ್ ಮಡಚಿ ತುರುಕಿ, ತಲೆ ಅಲ್ಲಾಡಿಸದೆ ರಥಬೀದಿಗೆ ಹೋಗಿ ನಿಂತೆ. ಹುಲಿವೇಷದ ತಾಸೆ ವಾದ್ಯದ ಸದ್ದು ಹತ್ತಿರ ಬರುತ್ತಿತ್ತು. ಪಕ್ಕದಲ್ಲಿ ಅಪ್ಪನ ಹೆಗಲ ಮೇಲೆ ಕೂತಿದ್ದ ಹುಡುಗ ಹುಲಿ ಬಿಟ್ಟು ನನ್ನನ್ನೇ ನೋಡಿದ.

"ಅಂಕಲ್, ನಿಮ್ಮದು ಎಂತ ವೇಷ?"