ಕೊಡಚಾದ್ರಿ ಮೇಲೆ ಅನ್ನ ಬೇಗ ಆಗುವುದಿಲ್ಲ

ಚಾರಣಕ್ಕೆ ಹೋಗುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: "ಕೊಡಚಾದ್ರಿ ಮೇಲೆ ನೀರು ಬೇಗ ಕುದಿಯುತ್ತೆ, ಅನ್ನವೂ ಬೇಗ ಆಗುತ್ತೆ. ಆದ್ರೆ ಅಲ್ಲಿ ನೀರು ಕುದಿಸಿದ್ರೂ ರೋಗಾಣು ಸಾಯಲ್ಲ, ಸುಮ್ನೆ ಗ್ಯಾಸ್ ದಂಡ."

ಇದರಲ್ಲಿ ನಿಜ ಇರುವುದು ಮೊದಲ ತುಣುಕಿನಲ್ಲಿ ಮಾತ್ರ. ಎತ್ತರ ಏರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಮೇಲಿಂದ ಒತ್ತುವ ಗಾಳಿ ಕಡಿಮೆಯಾದರೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಲೆಕ್ಕ. ನಮ್ಮ ಶಿವಮೊಗ್ಗ ಪೇಟೆಯಲ್ಲೇ ಅದು 100 ಅಲ್ಲ, 98ರ ಆಸುಪಾಸು. 1,343 ಮೀಟರ್ ಎತ್ತರದ ಕೊಡಚಾದ್ರಿಯಲ್ಲಿ 95–96 ಡಿಗ್ರಿ.

ಅಕ್ಕಿ ಬೇಯುವುದು ಗುಳ್ಳೆಯಿಂದಲ್ಲ, ಬಿಸಿಯಿಂದ ಅಲ್ವಾ? ಪಾತ್ರೆ ಕೊತಕೊತ ಎನ್ನುತ್ತಿರುತ್ತದೆ. ಒಂದು ಅಗುಳು ಹಿಚುಕಿ ನೋಡಿ, ನಡುವೆ ಬಿಳಿ ಚುಕ್ಕೆ ಇನ್ನೂ ಗಟ್ಟಿಯಾಗೇ ಇರುತ್ತದೆ. ಉರಿ ಜಾಸ್ತಿ ಮಾಡಿದರೆ ನೀರು ಆವಿಯಾಗುತ್ತದೆ, ಬಿಸಿ ಏರುವುದಿಲ್ಲ. ಕುಕ್ಕರ್ ಒಯ್ಯಿರಿ. ಅದು ಆವಿಯನ್ನು ಹಿಡಿದಿಟ್ಟು ಒತ್ತಡ ಹೆಚ್ಚಿಸುತ್ತದೆ.

ರೋಗಾಣುವಿನ ಮಾತಂತೂ ಅಪಾಯದ್ದು. ಅವು ಸಾಯಲು 95 ಡಿಗ್ರಿ ಧಾರಾಳ ಸಾಕು. ತೊರೆ ನೀರು ಎಷ್ಟೇ ತಿಳಿಯಾಗಿ ಕಂಡರೂ ಒಂದು ನಿಮಿಷ ಚೆನ್ನಾಗಿ ಕುದಿಸಿಯೇ ಕುಡಿಯಿರಿ. ಮೂರು ನಿಮಿಷ ಬೇಕಾಗುವುದು 2,000 ಮೀಟರ್ ದಾಟಿದ ಮೇಲೆ.