ಸೈಕೋಸಿಸ್ ಇಲ್ಲದವರಿಗೆ ಸೈಕೋಸಿಸ್ ಮಾತ್ರೆ: ಇಳಿಸಬೇಕೇ?

ಪರ

ಬೌದ್ಧಿಕ ಅಂಗವೈಕಲ್ಯವಿರುವ ವಯಸ್ಕರು ಇಂಗ್ಲೆಂಡಿನಲ್ಲಿ ಏನೇನು ಮಾತ್ರೆ ನುಂಗುತ್ತಿದ್ದಾರೆ ಎಂಬ ಲೆಕ್ಕ 2015ರಲ್ಲಿ ಹೊರಬಿತ್ತು. ತಕ್ಕ ಕಾರಣವಿಲ್ಲದೆ ದಿನವೂ ಆಂಟಿಸೈಕೋಟಿಕ್ (ಸೈಕೋಸಿಸ್, ಅಂದರೆ ಇಲ್ಲದ ದನಿ ಕೇಳಿಸುವ, ವಾಸ್ತವದ ಅರಿವು ತಪ್ಪುವ ಸ್ಥಿತಿಯ ಮಾತ್ರೆ), ಖಿನ್ನತೆಯ ಮಾತ್ರೆ ಅಥವಾ ಎರಡನ್ನೂ ತೆಗೆದುಕೊಳ್ಳುತ್ತಿದ್ದವರು 30ರಿಂದ 35 ಸಾವಿರ ಎಂದು ಅಲ್ಲಿನ ಸರ್ಕಾರಿ ಸಂಸ್ಥೆಯೇ ಅಂದಾಜು ಮಾಡಿತು. ಮರುವರ್ಷ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಇಂಥ ಮಾತ್ರೆಗಳ ಅತಿಬಳಕೆ ನಿಲ್ಲಿಸುವ ‘ಸ್ಟಾಂಪ್’ ಅಭಿಯಾನ ಶುರುಮಾಡಿತು. ತಡವಾಗಿಯೇ ಬಂತು ಅನ್ನಬೇಕು.

ಏಕೆಂದರೆ ಪುರಾವೆ 2008ರಲ್ಲೇ ಕಣ್ಣೆದುರಿಗಿತ್ತು. ಹೊಡೆಯುವ, ಎಸೆಯುವ, ಆದರೆ ಸೈಕೋಸಿಸ್ ಇಲ್ಲದ, ಬೌದ್ಧಿಕ ಅಂಗವೈಕಲ್ಯದ 86 ಜನರಲ್ಲಿ ಕೆಲವರಿಗೆ ರಿಸ್ಪೆರಿಡೋನ್, ಕೆಲವರಿಗೆ ಹಾಲೋಪೆರಿಡಾಲ್ (ಎರಡೂ ಆಂಟಿಸೈಕೋಟಿಕ್), ಉಳಿದವರಿಗೆ ಔಷಧವೇ ಇಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದ ಪ್ರಯೋಗ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ನಾಲ್ಕು ವಾರದಲ್ಲಿ ಮೂರೂ ಗುಂಪಿನವರ ಆರ್ಭಟ ತಗ್ಗಿತು. ಎಲ್ಲಕ್ಕಿಂತ ಹೆಚ್ಚು, ಶೇ 79ರಷ್ಟು, ತಗ್ಗಿದ್ದು ಹುಸಿ ಮಾತ್ರೆಯವರದ್ದು! (ಯಾರೋ ಬಂದು ವಿಚಾರಿಸಿಕೊಂಡದ್ದೇ ಮದ್ದಾಯಿತೋ ಏನೋ.)

ಮಾತು ಬಾರದವನಿಗೆ ಹಲ್ಲುನೋವು ಬಂತೆನ್ನಿ. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾನೆ, ಹಿಡಿಯಲು ಬಂದವರನ್ನು ತಳ್ಳುತ್ತಾನೆ. ಆರೈಕೆ ಕೇಂದ್ರದ ಪುಸ್ತಕದಲ್ಲಿ ‘ಆಕ್ರಮಣಕಾರಿ’ ಎಂದು ಬರೆಯುತ್ತಾರೆ. ಡೋಸ್ ಏರುತ್ತದೆ. ಅದರಿಂದ ಮಲಬದ್ಧತೆ, ಹೊಟ್ಟೆ ಹಿಡಿದುಕೊಂಡಾಗ ಮತ್ತೆ ಚಚ್ಚಿಕೊಳ್ಳುವುದು, ಮತ್ತೆ ಡೋಸ್. ಬಾಯಿ ತೆರೆಸಿ ಹಲ್ಲು ನೋಡಿದವರು ಯಾರೂ ಇಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ ಮೈ ಊದಿರುತ್ತದೆ, ಸಕ್ಕರೆ ಕಾಯಿಲೆ ಅಂಟಿರುತ್ತದೆ, ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳುತ್ತಿರುತ್ತದೆ. ಸಿಬ್ಬಂದಿಯ ಕೊರತೆಯನ್ನು ಮಾತ್ರೆಯಿಂದ ತುಂಬಿಸಿದ್ದಕ್ಕೆ ದಂಡ ಕಟ್ಟುತ್ತಿರುವವನು ಅವನು.

ವಿರೋಧ

ಆ ಪ್ರಯೋಗದ ಬಗ್ಗೆ ನನ್ನ ತಕರಾರಿಲ್ಲ. ‘ಇಳಿಸಿ’ ಎಂಬುದು ಗುರಿಯ ಅಂಕಿಯಾಗಿಬಿಡುವುದರ ಬಗ್ಗೆ ಇದೆ.

ನೆದರ್ಲೆಂಡ್ಸ್‌ನಲ್ಲಿ ಇಂಥದೇ 98 ಜನರಿಗೆ ಹಂತಹಂತವಾಗಿ, ಎಚ್ಚರಿಕೆಯಿಂದ ಮಾತ್ರೆ ಕಡಿಮೆ ಮಾಡಿದರು. ಪೂರ್ತಿ ಬಿಡಲು ಸಾಧ್ಯವಾದದ್ದು 43 ಜನರಿಗೆ. ಅಂದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಆಗಲಿಲ್ಲ. ಬ್ರಿಟನ್ನಿನಲ್ಲಿ ರಿಸ್ಪೆರಿಡೋನ್ ಬಿಡಿಸುವ ಪ್ರಯೋಗಕ್ಕೆ ಸಿಕ್ಕವರು ಬರೀ 22 ಮಂದಿ. ಮನೆಯವರ, ವೈದ್ಯರ ಹಿಂಜರಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಅವರಿಗೆ ಹಿಂದಿನ ದಿನಗಳು ನೆನಪಿವೆ.

ವರ್ಷಗಟ್ಟಲೆ ಮಾತ್ರೆಗೆ ಒಗ್ಗಿದ ಮೈ ಅದು ತಪ್ಪಿದಾಗ ಚಡಪಡಿಸುತ್ತದೆ. ನಿದ್ದೆ ಹೋಗುತ್ತದೆ, ಕೈಕಾಲು ಆಡುತ್ತವೆ. ನೋಡುವವರಿಗೆ ಹಳೆಯ ರೋಗವೇ ಮರಳಿದಂತೆ ಕಾಣುತ್ತದೆ. ಹಳಬರಾದ ನರ್ಸ್ ಇದ್ದರೆ ‘ಎರಡು ವಾರ ತಡೆಯಿರಿ’ ಅನ್ನುತ್ತಾರೆ. ಏಜೆನ್ಸಿಯಿಂದ ನಿನ್ನೆ ಬಂದ ಹುಡುಗ ಆಂಬುಲೆನ್ಸ್ ಕರೆಯುತ್ತಾನೆ. ಮನೆಯಿಂದ ದೂರದ, ಬೀಗ ಹಾಕಿದ ವಾರ್ಡಿನಲ್ಲಿ ಅದೇ ಮಾತ್ರೆ ಹೆಚ್ಚಿನ ಡೋಸಿನಲ್ಲಿ ಮತ್ತೆ ಶುರುವಾಗುತ್ತದೆ.

ಆಂಟಿಸೈಕೋಟಿಕ್ ತೆಗೆದುಕೊಳ್ಳುವ ಇಂಥವರಲ್ಲಿ ಶೇ 71ರಷ್ಟು ಜನರ ದಾಖಲೆಯಲ್ಲಿ ತೀವ್ರ ಮಾನಸಿಕ ಕಾಯಿಲೆಯೇ ಇಲ್ಲ ಎಂದು 2015ರ ಬ್ರಿಟಿಷ್ ಅಧ್ಯಯನವೊಂದು ಹೇಳಿತು. ಸರಿ. ಆದರೆ ಕಿವಿಯಲ್ಲಿ ದನಿ ಕೇಳಿಸುತ್ತಿದೆ ಎಂದು ಹೇಳಲು ಬಾರದವನ ಕಾಯಿಲೆ ದಾಖಲೆಗೆ ಹೇಗೆ ಬಂದೀತು?

ನಡವಳಿಕೆ ಚಿಕಿತ್ಸೆ ಮುಂತಾದವು ಸಾಲದಿದ್ದಾಗ ಅಥವಾ ಅಪಾಯ ತೀರಾ ಹೆಚ್ಚಿದ್ದಾಗ ಮಾತ್ರೆ ಎಂಬುದು ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಅಲ್ಲಿನ ನೈಸ್ ಸಂಸ್ಥೆಯ ಸೂಚನೆ. ಮಾತ್ರೆ ಕಿತ್ತುಕೊಳ್ಳಲು ಒಂದು ಸಹಿ ಸಾಕು. ನಡವಳಿಕೆ ತಜ್ಞರನ್ನು ನೇಮಿಸಲು ಬಜೆಟ್ ಬೇಕು. ಮೊದಲನೆಯದು ಬೇಗ ಆಗಿ ಎರಡನೆಯದು ಹಿಂದೆ ಬಿದ್ದರೆ, ಮುಂಗೈ ತುಂಬ ಕಚ್ಚಿದ ಗುರುತಿರುವ ಎಪ್ಪತ್ತರ ತಾಯಿ ಏನು ಮಾಡಬೇಕು? ಡೋಸ್ ಇಳಿಸುವ ದಿನ ಗೊತ್ತುಮಾಡುವ ಮುಂಚೆ, ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಯಾರೆಂದು ಆಕೆಗೆ ಬರೆದುಕೊಡಲಿ.